ಕೌದಿಗೆ ಮೊದಲು ಟೇಪು, ಆಮೇಲೆ ಸೂಜಿ

ಕೌದಿ ಹೊಲಿಯುವ ಹೆಣ್ಣುಮಕ್ಕಳ ಬಾಯಲ್ಲಿ ಈಚೆಗೆ ಒಂದು ಹೊಸ ಮಾತು ಸೇರಿಕೊಂಡಿದೆ: ‘ರಿಟರ್ನ್’. ವಾರಗಟ್ಟಲೆ ಕೂತು ಹೊಲಿದು ಕಳಿಸಿದ ಕೌದಿ ಅಳತೆ ಸಾಲದೆಂದು ವಾಪಸ್ ಬಂದರೆ ಅದು ರಿಟರ್ನ್. ಅದಕ್ಕೆ ಕೂಲಿ ಸಿಗುವುದಿಲ್ಲ, ಸಿಕ್ಕರೂ ಅರ್ಧ. ಆರ್ಡರು ಹಿಡಿದು ತಂದವರನ್ನು ಕೇಳಿದರೆ, ‘ಅವರಿಗೆ ಅಳತಿ ತಿಳಿಯೂದಿಲ್ರಿ, ಎಷ್ಟ ಹೇಳಿದ್ರೂ ಅಷ್ಟ’ ಅನ್ನುತ್ತಾರೆ. ಹೊಲಿದವರನ್ನು ಕೇಳಿದರೆ, ‘ಅವ್ರು ಹೇಳಿದಷ್ಟ ಅರಿವಿ ಹಾಸಿದ್ವಿ, ಹೊಲದಂಗೆಲ್ಲಾ ಕೌದಿ ಗಿಡ್ಡ ಆಕ್ಕತ್ರಿ’ ಅನ್ನುತ್ತಾರೆ.

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ನಷ್ಟ ಮಾತ್ರ ಯಾವಾಗಲೂ ಒಬ್ಬರ ಪಾಲಿಗೇ ಬೀಳುತ್ತದೆ. ನನ್ನ ವಾದ ಇಷ್ಟು. ಈ ಜಗಳದ ಬೇರು ಕೌದಿಯ ಅಡಿಬಟ್ಟೆಯನ್ನು ಸರಿಯಾಗಿ ಅಳೆಯದೆ ಹಾಸುವುದರಲ್ಲಿದೆ. ಎಷ್ಟು ಅಡಿಬಟ್ಟೆ ಬೇಕೆಂದು ಲೆಕ್ಕ ಹಾಕಿ ಒದಗಿಸುವ ಹೊಣೆ ಆರ್ಡರು ಕೊಡುವವರದ್ದು. ಅಳತೆ ಬೇಕು ಅನ್ನುವವರು ಕೂಲಿಯನ್ನೂ ಅಳತೆಗೇ ಕೊಡಬೇಕು, ಅಂದರೆ ಕೌದಿಗಿಷ್ಟು ಎಂದು ಬಿಟ್ಟು ಚದರಡಿಗಿಷ್ಟು ಎಂದು.

ಎಲ್ಲಕ್ಕಿಂತ ಕೆಳಗಿನ ಬಟ್ಟೆ

ಕೌದಿಯ ಚಂದವೆಲ್ಲ ಮೇಲೆ. ಬಣ್ಣದ ತುಂಡುಗಳು, ಮೂಲೆಯ ತ್ರಿಕೋನಗಳು, ಸಾಲಾಗಿ ಹೋಗುವ ದಾರ. ಫೋಟೊ ತೆಗೆಯುವವರು ಆ ಮುಖವನ್ನೇ ತೆಗೆಯುತ್ತಾರೆ. ಕೆಳಗಿರುವುದು ಒಂದೇ ಬಟ್ಟೆ. ಸಾಮಾನ್ಯವಾಗಿ ತೊಳೆದು ತೊಳೆದು ಮೆತ್ತಗಾದ ಹತ್ತಿ ಸೀರೆ, ಇಲ್ಲವೇ ಧೋತರ. ಹಳ್ಳಿಗಳಲ್ಲಿ ಅದನ್ನು ಅಡಿ ಅರಿವಿ ಅನ್ನುತ್ತಾರೆ, ದರ್ಜಿಗಳ ಮಾತಿನಲ್ಲಿ ಅಸ್ತರ. ಅದರ ಮೇಲೆ ಹಳೆ ಬಟ್ಟೆಗಳ ಪದರ, ಪದರದ ಮೇಲೆ ತುಂಡುಗಳು, ಎಲ್ಲವನ್ನೂ ಸೇರಿಸಿ ಸೂಜಿ.

ಮನೆಯ ಕೌದಿ ಹಾಗೆಯೇ ಹುಟ್ಟಿದ್ದು. ಗೊಂದಲಿಗರ ಹೆಣ್ಣುಮಕ್ಕಳು ಸುಗ್ಗಿ ಮುಗಿದ ಮೇಲೆ ಊರೂರು ಸುತ್ತಿ, ಮನೆಯವರು ಕೊಟ್ಟ ಹಳೆ ಅರಿವೆಯಲ್ಲಿ ಕೌದಿ ಹೊಲಿದು ಕೊಡುವ ರೂಢಿ ನಮ್ಮ ಕಡೆ ಇಂದಿಗೂ ಅಲ್ಲಲ್ಲಿ ಉಳಿದಿದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಇದರ ಒಡಹುಟ್ಟು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಸಿದ್ದಿ ಹೆಂಗಸರ ಜೊತೆ ಕೆಲಸ ಮಾಡಿ ಇವುಗಳ ಬಗ್ಗೆ ಬರೆದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನವೂ ನಡೆಯಿತು. ಅಂದರೆ ಹಾಸಿ ಹೊದೆಯುವ ಚಿಂದಿ ಎಂದು ನಾವು ಮಡಿಸಿಟ್ಟದ್ದಕ್ಕೆ ಹೊರಗೆ ಗಿರಾಕಿ ಹುಟ್ಟಿದ್ದು ಇವತ್ತು ನಿನ್ನೆಯಲ್ಲ.

ಗಿರಾಕಿ ಹುಟ್ಟಿದ ಕೂಡಲೇ ಕೌದಿಯ ಅಳತೆ ಬದಲಾಯಿತು. ಮನೆಯ ಕೌದಿಗೆ ಮಲಗುವವರ ಮೈಯೇ ಅಳತೆ. ಕೂಸಿಗೆ ಇಷ್ಟು, ಅಜ್ಜನಿಗೆ ಇಷ್ಟು. ಮೊಳ, ಗೇಣು ಸಾಕಿತ್ತು. ಒಬ್ಬರ ಮೊಳ 17 ಇಂಚು ಇದ್ದು ಇನ್ನೊಬ್ಬರದು 19 ಇದ್ದರೆ ಐದು ಮೊಳಕ್ಕೆ 10 ಇಂಚಿನ ವ್ಯತ್ಯಾಸ ಬರುತ್ತದೆ. ಆದರೆ ಮನೆಯಲ್ಲಿ ಯಾರೂ ಅದನ್ನು ಎಣಿಸುತ್ತಿರಲಿಲ್ಲ, ಎಣಿಸಬೇಕಾಗಿಯೂ ಇರಲಿಲ್ಲ. ಅಂಗಡಿಯ ಕೌದಿಗೆ ಮಂಚವೇ ಅಳತೆ. ಅಲ್ಲಿ 60 ಇಂಚಿಗೆ 90 ಅಂದರೆ ಒಬ್ಬರ ಮಂಚದ್ದು, 90ಕ್ಕೆ 108 ಅಂದರೆ ಇಬ್ಬರದ್ದು. ಮಂಚಕ್ಕೆ ಮೊಳದ ಭಾಷೆ ತಿಳಿಯುವುದಿಲ್ಲ.

ಆರು ಗಜದ ಸೀರೆ ಕೈಕೊಡುವ ರೀತಿ

90ಕ್ಕೆ 108 ಆರ್ಡರು ಬಂದಾಗ ಏನಾಗುತ್ತದೆ ನೋಡಿ. ಆರು ಗಜದ ಸೀರೆ ಅಂದರೆ 216 ಇಂಚು. ನಡುವೆ ಎರಡು ಮಾಡಿದರೆ 108 ಇಂಚಿನ ಎರಡು ತುಂಡು. ಪನ್ನಾ, ಅಂದರೆ ಅಗಲ, ಸುಮಾರು 45 ಇಂಚು. ಎರಡನ್ನೂ ಪಕ್ಕಪಕ್ಕ ಜೋಡಿಸಿದರೆ 90. ಲೆಕ್ಕ ಎಷ್ಟು ಚಂದ ಕೂತುಬಿಡುತ್ತದೆಂದರೆ, ಒಂದು ಸೀರೆ ಸಾಕು ಅಂತ ಆರ್ಡರು ತಂದವರೂ ಹೇಳುತ್ತಾರೆ, ಹೊಲಿಯುವವರೂ ನಂಬುತ್ತಾರೆ.

ಈಗ ಅದೇ ಸೀರೆ ಎಲ್ಲೆಲ್ಲಿ ಕರಗುತ್ತದೆ ಎಣಿಸೋಣ. ನಡುವಿನ ಜೋಡಣೆಗೆ ಎರಡೂ ಕಡೆಯಿಂದ ಅರ್ಧರ್ಧ ಇಂಚು ಹೋದರೆ ಅಗಲ 89. ನಾಲ್ಕೂ ಅಂಚನ್ನು ಒಳಗೆ ಮಡಿಸಲು ಒಂದೊಂದು ಇಂಚು ಬಿಟ್ಟರೆ ಉಳಿಯುವುದು 87ಕ್ಕೆ 106. ಇದಿನ್ನೂ ಸೂಜಿ ಹಾಕುವ ಮೊದಲಿನ ಮಾತು. ಕೌದಿ ಹೊಲಿಯುವಾಗ ಪ್ರತಿ ಟಾಕಿಯೂ ಬಟ್ಟೆಯನ್ನು ತುಸು ತನ್ನ ಕಡೆ ಎಳೆದುಕೊಳ್ಳುತ್ತದೆ. ಪದರ ದಪ್ಪ ಇದ್ದಷ್ಟೂ, ಸಾಲು ಒತ್ತೊತ್ತಾಗಿ ಇದ್ದಷ್ಟೂ, ದಾರ ಬಿಗಿಯಾದಷ್ಟೂ ಎಳೆತ ಹೆಚ್ಚು. 12 ಇಂಚು ಇದ್ದದ್ದು ಹೊಲಿದು ಒಮ್ಮೆ ಒಗೆದ ಮೇಲೆ 11.5 ಆಯಿತು ಎಂದಿಟ್ಟುಕೊಂಡರೂ, 87ಕ್ಕೆ 106 ಇದ್ದದ್ದು ಸುಮಾರು 83ಕ್ಕೆ 102 ಆಗಿ ನಿಲ್ಲುತ್ತದೆ.

ಎರಡೂ ದಿಕ್ಕಿನಲ್ಲಿ ಆರು ಇಂಚಿಗೂ ಹೆಚ್ಚು ಕಡಿಮೆ. ಆರಡಿ ಅಗಲದ ಹಾಸಿಗೆಗೆ ಹಾಸಿದರೆ ಪ್ರತಿ ಬದಿಯಲ್ಲೂ 9 ಇಂಚು ಇಳಿಬೀಳಬೇಕಾದದ್ದು ಐದೂವರೆ ಇಂಚಷ್ಟೇ ಇಳಿಯುತ್ತದೆ. ದುಡ್ಡು ಕೊಟ್ಟ ಗಿರಾಕಿ ಟೇಪು ಹಿಡಿಯುತ್ತಾನೆ. ಅವನನ್ನು ತಪ್ಪು ಅನ್ನಲಾಗದು. ಆದರೆ ಹೊಲಿದವಳು ಒಂದು ಇಂಚೂ ಕದ್ದಿಲ್ಲ. ಹೇಳಿದ ಅಳತೆಯ ಬಟ್ಟೆಯನ್ನೇ ಹಾಸಿದ್ದಾಳೆ. ‘ಕೌದಿ 90ಕ್ಕೆ 108 ಇರಲಿ’ ಎನ್ನುವುದಕ್ಕೂ ‘ಅಡಿಬಟ್ಟೆ 90ಕ್ಕೆ 108 ಹಾಸು’ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಆರ್ಡರು ಹೇಳಿದವರು ಬಿಡಿಸಿ ಹೇಳಲಿಲ್ಲ, ಅಷ್ಟೇ.

ಹಾಗಾದರೆ ಎಷ್ಟು ಹಾಸಬೇಕಿತ್ತು? ಹಿಂದಿನಿಂದ ಲೆಕ್ಕ ಹಾಕಿ. 108 ಇಂಚು ಉಳಿಯಬೇಕಾದರೆ 108ನ್ನು 12ರಿಂದ ಗುಣಿಸಿ 11.5ರಿಂದ ಭಾಗಿಸಿ: 113 ಹತ್ತಿರ. ಅಗಲಕ್ಕೂ ಹಾಗೇ: 94. ಇದರ ಮೇಲೆ ಪ್ರತಿ ಅಂಚಿಗೂ ಎರಡೆರಡು ಇಂಚು ಸೇರಿಸಿ. ಒಂದು ಇಂಚು ಮಡಿಸಲು, ಇನ್ನೊಂದು ಮೂಲೆ ನೇರ ಮಾಡಿಕೊಳ್ಳಲು. ಒಟ್ಟು 98ಕ್ಕೆ 117. ಆರು ಗಜದ ಒಂದು ಸೀರೆಯಲ್ಲಿ ಇದು ಹುಟ್ಟುವುದೇ ಇಲ್ಲ, ಎರಡು ಬೇಕು. ಒಂಬತ್ತು ಗಜದ ಹಳೆಯ ಸೀರೆ ಸಿಕ್ಕರೆ ಒಂದರಲ್ಲೇ ಆಗುತ್ತದೆ. 324 ಇಂಚಿನಲ್ಲಿ 117ರ ಎರಡು ತುಂಡು ತೆಗೆದರೆ 90 ಇಂಚು ಉಳಿಯುತ್ತದೆ. ಅಗಲಕ್ಕೆ ಕಡಿಮೆ ಬೀಳುವ ಪಟ್ಟಿಯನ್ನು ಅದರಲ್ಲೇ ಕತ್ತರಿಸಿ ಕೂಡಿಸಬಹುದು. ಆದರೆ ಒಂಬತ್ತು ಗಜ ಉಡುವ ಅಜ್ಜಿಯರು ಎಷ್ಟು ಮನೆಯಲ್ಲಿ ಉಳಿದಿದ್ದಾರೆ?

ಇಲ್ಲೇ ದುಡ್ಡಿನ ಪ್ರಶ್ನೆ ಬರುವುದು. ಮೇಲಿನ ತುಂಡುಗಳು ದರ್ಜಿ ಅಂಗಡಿಯಿಂದ, ಮನೆಯ ಗಂಟಿನಿಂದ ಹೇಗೋ ಆಗುತ್ತವೆ. ಅಡಿಬಟ್ಟೆ ಮಾತ್ರ ದುಡ್ಡು ಕೊಟ್ಟೇ ತರಬೇಕು. ಆ ಎರಡನೇ ಸೀರೆ ಯಾರ ಖರ್ಚಿನದು ಎಂದು ಆರ್ಡರಿನಲ್ಲಿ ಬರೆದಿರುವುದಿಲ್ಲ. ಬರೆಯದೆ ಇದ್ದದ್ದೆಲ್ಲ ಹೊಲಿಯುವವಳ ಖರ್ಚಿಗೆ ಸೇರುತ್ತದೆ. ಅವಳು ಉಳಿಸಲು ನೋಡುವುದು ಸಹಜ. ಹಾಗೆ ಉಳಿಸಿದ ಆರು ಇಂಚೇ ಕೊನೆಗೆ ಅವಳ ತಿಂಗಳ ಕೂಲಿಯನ್ನು ನುಂಗುತ್ತದೆ.

ಅಮೆರಿಕದವರ ನಾಲ್ಕು ಇಂಚು

ಅಮೆರಿಕದಲ್ಲಿ ಕ್ವಿಲ್ಟ್ ಹೊಲಿಯುವವರು ಮೇಲ್ಭಾಗವನ್ನು ಮನೆಯಲ್ಲಿ ತುಂಡು ಜೋಡಿಸಿ ಮಾಡಿಕೊಂಡು, ಮೂರು ಪದರ ಸೇರಿಸಿ ಹೊಲಿಯುವ ಕೆಲಸವನ್ನು ಲಾಂಗ್‌ಆರ್ಮ್ ಯಂತ್ರ ಇರುವವರಿಗೆ ಕೊಡುವುದುಂಟು. ಮಗ್ಗದ ಹಾಗೆ ಉದ್ದನೆಯ ಚೌಕಟ್ಟು, ಅದಕ್ಕೆ ರೋಲರುಗಳು. ಅಡಿಬಟ್ಟೆಯ ಮೇಲಿನ ತುದಿ ಒಂದು ರೋಲರಿಗೆ, ಕೆಳಗಿನ ತುದಿ ಇನ್ನೊಂದಕ್ಕೆ. ಎರಡು ಪಕ್ಕಗಳನ್ನು ಕ್ಲಿಪ್ಪುಗಳು ಹಿಡಿದು ಎಳೆದಿರುತ್ತವೆ. ಹೊಲಿಗೆ ಯಂತ್ರವೇ ಹಳಿಯ ಮೇಲೆ ಅತ್ತಿಂದಿತ್ತ ಓಡಾಡಿ ಹೊಲಿಯುತ್ತದೆ.

ಅಲ್ಲಿ ಗಿರಾಕಿಗೆ ಹಾಕುವ ಮೊದಲ ನಿಯಮ ಅಡಿಬಟ್ಟೆಯದ್ದೇ. ಮೇಲ್ಭಾಗಕ್ಕಿಂತ ನಾಲ್ಕೂ ಕಡೆ ನಾಲ್ಕು ನಾಲ್ಕು ಇಂಚು ಹೆಚ್ಚಿರಬೇಕು. ಅಂದರೆ 60ಕ್ಕೆ 90ರ ಕ್ವಿಲ್ಟಿಗೆ 68ಕ್ಕೆ 98. ರೋಲರಿಗೆ ಸಿಕ್ಕಿಸಲು, ಕ್ಲಿಪ್ಪು ಹಿಡಿಯಲು, ಯಂತ್ರದ ತಲೆ ಕ್ಲಿಪ್ಪಿಗೆ ಬಡಿಯದಿರಲು, ಅಂಚಿನಲ್ಲಿ ದಾರದ ಬಿಗಿ ಪರೀಕ್ಷಿಸಲು ಆ ಜಾಗ ಬೇಕು. ಮೂಲೆಗಳು ನೇರ ಇರಬೇಕು. ಇಲ್ಲದಿದ್ದರೆ ರೋಲರಿಗೆ ಸುತ್ತಿದಂತೆ ಬಟ್ಟೆ ಒಂದು ಕಡೆ ಬಿಗಿಯಾಗಿ ಇನ್ನೊಂದು ಕಡೆ ಜೋಲುತ್ತದೆ. ಬಟ್ಟೆಯ ದಡಿಯನ್ನು ಕತ್ತರಿಸಿ ತೆಗೆದಿರಬೇಕು, ಯಾಕೆಂದರೆ ದಡಿಯ ನೇಯ್ಗೆ ಬಿಗಿ, ಅದು ಒಗೆದಾಗ ಕುಗ್ಗುವ ರೀತಿಯೇ ಬೇರೆ. ಅಲ್ಲಿ ಸಿಗುವ ಕ್ವಿಲ್ಟ್ ಬಟ್ಟೆಯ ಪನ್ನಾ 42ರಿಂದ 44 ಇಂಚು, ನಮ್ಮ ಸೀರೆಯಷ್ಟೇ. ಜೋಡಿಸುವ ತೊಂದರೆ ಬೇಡವೆಂದು 108 ಇಂಚು ಅಗಲದ ಅಡಿಬಟ್ಟೆಯನ್ನೇ ಬೇರೆಯಾಗಿ ನೇಯ್ದು ಮಾರುತ್ತಾರೆ.

ಅವರ ನಾಲ್ಕು ಇಂಚು ನಮ್ಮ ಕೌದಿಗೆ ಹಾಗೇ ಅನ್ವಯಿಸುವುದಿಲ್ಲ. ನಮ್ಮಲ್ಲಿ ಚೌಕಟ್ಟಿಲ್ಲ, ಕ್ಲಿಪ್ಪಿಲ್ಲ, ನೆಲವೇ ಚೌಕಟ್ಟು. ಇನ್ನೊಂದು ದೊಡ್ಡ ವ್ಯತ್ಯಾಸವೂ ಇದೆ. ಅಲ್ಲಿ ಮೇಲ್ಭಾಗ ಮೊದಲೇ ಮುಗಿದಿರುತ್ತದೆ, ಅದಕ್ಕೆ ತಕ್ಕಂತೆ ಅಡಿಬಟ್ಟೆ ಕತ್ತರಿಸುತ್ತಾರೆ. ಕವಂದಿಯಲ್ಲಿ, ನಮ್ಮ ಬಹುಪಾಲು ಕೌದಿಯಲ್ಲೂ, ಅಡಿಬಟ್ಟೆ ಹಾಸಿ ಅಂಚಿನಿಂದ ಹೊಲಿಗೆ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಅಂಚು ಮಡಿಸಿ ಮೊದಲ ಸುತ್ತು ಹೊಲಿದರೆಂದರೆ ಕೌದಿಯ ಅಳತೆ ಅಲ್ಲಿಗೆ ತೀರ್ಮಾನವಾಯಿತು. ಆಮೇಲೆ ಬಿಚ್ಚದೆ ಒಂದು ಇಂಚು ಕೂಡ ಹಿಗ್ಗಿಸಲು ಬರುವುದಿಲ್ಲ. ಹಾಗಾಗಿ ಅಮೆರಿಕದವರಿಗಿಂತ ನಮಗೇ ಮೊದಲ ಅಳತೆಯ ಅಗತ್ಯ ಹೆಚ್ಚು.

ಅಲ್ಲಿಂದ ನಾವು ಕಲಿಯಬೇಕಾದ ಇನ್ನೊಂದು ಸಂಗತಿ ದರದ್ದು. ಲಾಂಗ್‌ಆರ್ಮ್ ಯಂತ್ರದವರು ಸಾಮಾನ್ಯವಾಗಿ ದರ ಹೇಳುವುದು ಚದರ ಇಂಚಿಗೆ ಇಷ್ಟು ಸೆಂಟ್ ಎಂದು. ಉದ್ದ ಅಗಲ ಗುಣಿಸಿ, ದರದಿಂದ ಗುಣಿಸಿದರೆ ಕೂಲಿ. ಅಳತೆ ಕೇಳುವವರು ಅಳತೆಗೇ ದುಡ್ಡು ಕೊಡುತ್ತಾರೆ. ನಮ್ಮಲ್ಲಿ ಅಳತೆಯ ಶಿಸ್ತು ಮಾತ್ರ ಹಳ್ಳಿಗೆ ಬಂದಿದೆ, ದರದ ಶಿಸ್ತು ದಾರಿಯಲ್ಲೇ ಎಲ್ಲೋ ಇಳಿದುಕೊಂಡಿದೆ.

ನೆಲದ ಮೇಲೆ ಅಳೆಯುವ ಕ್ರಮ

ಸ್ವಸಹಾಯ ಸಂಘಗಳ ಜೊತೆ ಓಡಾಡುವ ಗೆಳೆಯ ಗೆಳತಿಯರು ಇಲ್ಲಿ ಓದುತ್ತಿರುತ್ತೀರಿ. ಇದಕ್ಕೆ ದೊಡ್ಡ ತರಬೇತಿ ಬೇಡ, ಒಂದು ಮಧ್ಯಾಹ್ನ ಸಾಕು.

ಮೊದಲು ಬಟ್ಟೆ ನೆನೆಸಿ. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುತ್ತದೆ, ಕೋರಾ ಬಟ್ಟೆ ಇನ್ನೂ ಹೆಚ್ಚು. 108 ಇಂಚಿನಲ್ಲಿ ನಾಲ್ಕು ಇಂಚು ಹಾಗೆಯೇ ಹೋಗಬಹುದು. ಒಂದು ರಾತ್ರಿ ನೀರಲ್ಲಿಟ್ಟು ಒಣಗಿಸಿ ಆಮೇಲೆ ಅಳೆಯಬೇಕು. ಹಳೆಯ ಸೀರೆ ಆಗಲೇ ಕುಗ್ಗಿ ಮುಗಿಸಿರುತ್ತದೆ, ಅದಕ್ಕೆ ಈ ಭಯ ಕಡಿಮೆ. ಆದರೆ ಹಳೆಯ ಸೀರೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಕುಳಿತು ಏಳುವ ಜಾಗದಲ್ಲಿ ಎಳೆ ಸವೆದಿರುತ್ತದೆ, ಅಲ್ಲಿ ಟಾಕಿ ನಿಲ್ಲುವುದಿಲ್ಲ. ಆ ಭಾಗ ಬಿಟ್ಟು ಉಳಿದದ್ದೇ ನಿಜವಾದ ಉದ್ದ. ಆರು ಗಜ ಎಂದು ಹೇಳಿಸಿಕೊಂಡ ಸೀರೆಯಲ್ಲಿ ಕೆಲಸಕ್ಕೆ ಬರುವುದು ಐದೇ ಗಜ ಇರಬಹುದು.

ಎರಡನೆಯದು, ಕತ್ತರಿಸುವುದರ ಬದಲು ಹರಿಯಿರಿ. ಅಂಚಿನಲ್ಲಿ ಕತ್ತರಿಯಿಂದ ಒಂದು ಕಚ್ಚು ಹಾಕಿ ಜಗ್ಗಿದರೆ ಹತ್ತಿ ಬಟ್ಟೆ ಎಳೆಗುಂಟ ನೇರವಾಗಿ ಹರಿಯುತ್ತದೆ. ಕಣ್ಣಂದಾಜಿನ ಕತ್ತರಿ ಸೊಟ್ಟ ಹೋಗುವುದುಂಟು, ಎಳೆ ಹೋಗುವುದಿಲ್ಲ. ಬಟ್ಟೆ ಅಂಗಡಿಯ ಸಾಹುಕಾರ ಗಜ ಅಳೆದು ಪರ್ರೆಂದು ಹರಿಯುವುದು ಇದೇ ಕಾರಣಕ್ಕೆ.

ಮೂರನೆಯದು, ಮೂರು ಕಡೆ ಅಳೆಯಿರಿ. ಎರಡು ತುದಿ ಮತ್ತು ನಡು. ಉದ್ದಕ್ಕೂ ಹಾಗೇ, ಅಗಲಕ್ಕೂ ಹಾಗೇ. ಬಂದ ಅಂಕಿಗಳಲ್ಲಿ ಅತಿ ಚಿಕ್ಕದ್ದೇ ನಿಮ್ಮ ಬಟ್ಟೆಯ ಅಳತೆ. ಬಟ್ಟೆಯನ್ನು ಎಳೆದು ಹಿಡಿದು ಅಳೆಯಬೇಡಿ. ನೆಲದ ಮೇಲೆ ಹಾಸಿ, ಸುಕ್ಕು ಬಿಡಿಸಿ, ತಾನಾಗಿ ಮಲಗಿದ್ದಾಗ ಅಳೆಯಿರಿ. ದರ್ಜಿಯ ಹಳೆಯ ಟೇಪು ವರ್ಷಗಳಲ್ಲಿ ಹಿಗ್ಗಿರುತ್ತದೆ, ಗೌಂಡಿಗಳು ಬಳಸುವ ಉಕ್ಕಿನ ಟೇಪು ಲೇಸು.

ನಾಲ್ಕನೆಯದು ಮೂಲೆ. ಎದುರುಬದುರು ಮೂಲೆಗಳ ನಡುವೆ ಓರೆಯಾಗಿ ಟೇಪು ಹಿಡಿಯಿರಿ. ಎರಡೂ ಓರೆಗಳು ಸಮ ಬಂದರೆ ಬಟ್ಟೆ ಚೌಕ ಇದೆ. ಒಂದು ಹೆಚ್ಚು ಒಂದು ಕಡಿಮೆ ಬಂದರೆ ಸೊಟ್ಟ. ಮನೆಯ ತಳಪಾಯ ಹಾಕುವಾಗ ಗೌಂಡಿ ದಾರ ಕಟ್ಟಿ ಮೂಲೆಮಟ್ಟ ನೋಡುವುದೂ ಹೀಗೇ. ಕೌದಿ ಹೊಲಿಯುವ ಎಷ್ಟೋ ಹೆಣ್ಣುಮಕ್ಕಳು ಗೌಂಡಿ ಕೆಲಸಕ್ಕೂ ಹೋದವರು, ಹೇಳಿದರೆ ತಕ್ಷಣ ಹಿಡಿಯುತ್ತಾರೆ. ಸಂಘದ ಖೋಲಿ ಇದ್ದರೆ ನೆಲಕ್ಕೇ ಬಣ್ಣದಿಂದ 68ಕ್ಕೆ 98, 98ಕ್ಕೆ 117 ಎಂದು ಎರಡು ಚೌಕಟ್ಟು ಬರೆದಿಡಿ. ಆಮೇಲೆ ಓದು ಬರಹ ಬಾರದವರಿಗೂ ಟೇಪಿನ ಹಂಗಿಲ್ಲ, ಗೆರೆಯವರೆಗೆ ಬಟ್ಟೆ ಬಂದರೆ ಆಯಿತು.

ಐದನೆಯದೇ ಮುಖ್ಯ: ಮಾದರಿ. 12 ಇಂಚಿನ ಚೌಕದಲ್ಲಿ ಅದೇ ಪದರ, ಅದೇ ದಾರ, ಅದೇ ಕೈಯಲ್ಲಿ ಹೊಲಿದು, ಒಗೆದು, ಒಣಗಿಸಿ ಅಳೆಯಿರಿ. ಎಷ್ಟು ಕುಗ್ಗಿತೋ ಅದೇ ಆ ಕೈಯ ಲೆಕ್ಕ. ನಾನು ಮೇಲೆ ಹೇಳಿದ ಅರ್ಧ ಇಂಚು ಉದಾಹರಣೆಗೆ ಮಾತ್ರ. ಒಬ್ಬರ ಕೈ ಬಿಗಿ, ಒಬ್ಬರ ಕೈ ಸಡಿಲ. ‘ಹೊಲದಂಗೆಲ್ಲಾ ಗಿಡ್ಡ ಆಕ್ಕತ್ರಿ’ ಎಂಬ ಅನುಭವದ ಮಾತು ಈ ಮಾದರಿಯಿಂದ ಅಂಕಿಯಾಗುತ್ತದೆ. ಅಂಕಿಯಾದ ಮೇಲೆ ಅದರ ಮೇಲೆ ಚೌಕಾಸಿ ಮಾಡಲು ಬರುತ್ತದೆ.

ಒಂದು ಕೌದಿಗೆ ಎಷ್ಟು ದೂರ

ಈಗ ಕೂಲಿಯ ಮಾತು. ಅರ್ಧ ಇಂಚಿಗೊಂದು ಸಾಲಿನಂತೆ ಹೊಲಿದರೆ 60ಕ್ಕೆ 90ರ ಕೌದಿಯಲ್ಲಿ ಸಾಲುಗಳ ಒಟ್ಟು ಉದ್ದ 900 ಅಡಿ. 90ಕ್ಕೆ 108ರಲ್ಲಿ 1,620 ಅಡಿ, ಅಂದರೆ ಅರ್ಧ ಕಿಲೋಮೀಟರಿಗೆ ಆರೇ ಮೀಟರು ಕಡಿಮೆ. ಇಂಚಿಗೆ ನಾಲ್ಕು ಟಾಕಿ ಎಂದರೂ 77,760 ಟಾಕಿ. ಒಂದು ಕೌದಿಗೆ ಕೈ ಅಷ್ಟು ಸಲ ಮೇಲೆ ಕೆಳಗೆ ಆಡಬೇಕು.

‘ಸಿಂಗಲ್ಲಿಗೆ ಇಷ್ಟು, ಡಬಲ್ಲಿಗೆ ಅದಕ್ಕಿಂತ ಚೂರು ಜಾಸ್ತಿ’ ಎಂಬ ಲೆಕ್ಕ ಎಷ್ಟು ಸರಿ ನೋಡಿ. ಸಿಂಗಲ್ ಕೌದಿ ಮೂವತ್ತೇಳೂವರೆ ಚದರಡಿ. ಅದಕ್ಕೆ 900 ರೂಪಾಯಿ ಕೂಲಿ ಎಂದು ಸುಮ್ಮನೆ ಇಟ್ಟುಕೊಳ್ಳಿ. ಚದರಡಿಗೆ 24 ರೂಪಾಯಿ ಬಿತ್ತು. ಡಬಲ್ ಅರವತ್ತೇಳೂವರೆ ಚದರಡಿ. ಅದೇ ದರಕ್ಕೆ 1,620 ರೂಪಾಯಿ ಆಗಬೇಕು. ‘ಡಬಲ್ಲಿಗೆ ಮುನ್ನೂರು ಜಾಸ್ತಿ ಕೊಡ್ತೀವಿ’ ಎಂದು 1,200 ಕೊಟ್ಟರೆ ದೊಡ್ಡ ಮನಸ್ಸಿನಿಂದ ಕೊಟ್ಟಂತೆ ಕಾಣುತ್ತದೆ. ನಿಜದಲ್ಲಿ ಚದರಡಿ ದರ 24ರಿಂದ 18ಕ್ಕಿಂತ ಕೆಳಗೆ ಇಳಿದಿದೆ. 420 ರೂಪಾಯಿ ಹೊಲಿದವಳ ಕೈತಪ್ಪಿತು. ಅವಳಿಗೂ ಅದು ಗೊತ್ತಾಗಲಿಲ್ಲ, ಅವಳ ಮೇಲೆ ವರದಿ ಬರೆದವರಿಗೂ ಗೊತ್ತಾಗಲಿಲ್ಲ.

ಅಳತೆಗೂ ಕೂಲಿಗೂ ಇರುವ ನಂಟು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಉದ್ಯೋಗ ಖಾತ್ರಿಯಲ್ಲಿ ಬದು ಕಡಿದವರು ಎಂಜಿನಿಯರ್ ಟೇಪು ಹಿಡಿಯುವಾಗ ಪಕ್ಕದಲ್ಲೇ ನಿಲ್ಲುವುದನ್ನು ಕಲಿತಿದ್ದಾರೆ. ಅಳತೆ ಪುಸ್ತಕದಲ್ಲಿ ಏನು ಬರೆದರೋ ಅಷ್ಟೇ ಕೂಲಿ ಎಂದು ಅವರಿಗೆ ಗೊತ್ತು. ಆಳ ಕಡಿಮೆ ಬರೆದರೆ ಜಗಳಕ್ಕೆ ಬೀಳುತ್ತಾರೆ. ಅದೇ ಹೆಂಗಸು ಮನೆಗೆ ಬಂದು ಕೌದಿ ಹಿಡಿದು ಕೂತಾಗ ಅಳತೆ ಪುಸ್ತಕವೂ ಇಲ್ಲ, ಜಗಳವೂ ಇಲ್ಲ. ಅದು ‘ಮನೆಯಲ್ಲಿ ಬಿಡುವಿದ್ದಾಗ ಮಾಡುವ ಕೆಲಸ’ ಎಂದು ಅವಳನ್ನೂ ನಂಬಿಸಲಾಗಿದೆ.

ತುಂಡುಲೆಕ್ಕದ ಕೆಲಸಕ್ಕೂ ಕನಿಷ್ಠ ಕೂಲಿಗಿಂತ ಕಡಿಮೆ ಬೀಳಬಾರದು ಎಂಬ ತತ್ವ 1948ರ ಕನಿಷ್ಠ ವೇತನ ಕಾಯಿದೆಯಲ್ಲೇ ಇತ್ತು. ಮನೆಯಲ್ಲಿ ಕೂತು ಬೇರೆಯವರ ಆರ್ಡರು ಮಾಡಿಕೊಡುವವರಿಗಾಗಿಯೇ 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 177ನೇ ಒಡಂಬಡಿಕೆ ತಂದಿತು. ಭಾರತ ಅದಕ್ಕೆ ಸಹಿ ಹಾಕಿ ಅನುಮೋದಿಸಿಲ್ಲ. ಕಾನೂನು ಹಳ್ಳಿಯ ಪಡಸಾಲೆಗೆ ಬರುವ ತನಕ ಕಾಯುವುದಾದರೆ ಬಹಳ ಕೌದಿಗಳು ರಿಟರ್ನ್ ಆಗಿರುತ್ತವೆ. ಒಂದು ಚೀಟಿಯಲ್ಲಿ ಅಳತೆ ಮತ್ತು ದರ ಬರೆಸಿಕೊಳ್ಳಲು ಯಾವ ಕಾಯಿದೆಯೂ ಬೇಡ.

‘ಸೊಟ್ಟ ಇದ್ದರೇನೇ ಕೌದಿ’ ಅನ್ನುವವರಿಗೆ

ಇದಕ್ಕೆ ಒಂದು ವಿರೋಧ ಬರುತ್ತದೆ, ಅದೂ ಕೌದಿಯನ್ನು ಪ್ರೀತಿಸುವವರಿಂದಲೇ. ಕೌದಿಯ ಜೀವ ಇರುವುದು ಅದರ ಅಂಕುಡೊಂಕಿನಲ್ಲಿ, ಟೇಪು ಹಿಡಿದರೆ ಅದು ಕಾರ್ಖಾನೆಯ ಚಾದರವಾಗುತ್ತದೆ ಎಂದು. ಈ ಮಾತಿನಲ್ಲಿ ಹುರುಳಿದೆ. ಮೊಮ್ಮಗನಿಗೆ ಅಜ್ಜಿ ಹೊಲಿಯುವ ಕೌದಿಗೆ ಯಾರೂ ಟೇಪು ತರುವುದು ಬೇಡ. ಅಲ್ಲಿ ಗೇಣು, ಮೊಳವೇ ಸರಿ.

ಆರ್ಡರಿನ ಕೌದಿಯ ಮಾತು ಬೇರೆ. ಅಲ್ಲಿ ಸೊಟ್ಟ ಚಂದ ಅನ್ನುವವರೇ ಬಿಲ್ಲಿನಲ್ಲಿ ಇಂಚು ಎಣಿಸುತ್ತಾರೆ. ಅಲ್ಲದೆ ನಾನು ಅಳೆಯಿರಿ ಅನ್ನುತ್ತಿರುವುದು ಅಡಿಬಟ್ಟೆಯನ್ನು, ಮೇಲಿನ ತುಂಡುಗಳನ್ನಲ್ಲ. ಯಾವ ಬಣ್ಣದ ಪಕ್ಕ ಯಾವುದು, ಮೂಲೆಗೆ ಏನು ಬರಬೇಕು ಎಂಬುದು ಹೊಲಿಯುವವಳ ಮರ್ಜಿ. ಕೆಳಗಿನ ಹೊಲದ ಬದು ಗಟ್ಟಿ ಇದ್ದರೆ ಮೇಲೆ ಏನು ಬಿತ್ತಬೇಕೆಂಬುದು ರೈತನಿಗೇ ಬಿಟ್ಟದ್ದು.

ಇನ್ನೊಂದು ಮಾತು, ‘ಈ ಹೆಂಗಸರಿಗೆ ಅಳತೆಯೆಲ್ಲ ಆಗದು’ ಎಂಬುದು. ಅಂಥವರು ಒಮ್ಮೆ ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ ಬರಲಿ. ಅಲ್ಲಿನ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಉದ್ದ ಅಗಲ 3ಕ್ಕೆ 2ರ ಪ್ರಮಾಣ ತಪ್ಪುವಂತಿಲ್ಲ. 6 ಇಂಚಿನ ಮೇಜಿನ ಧ್ವಜದಿಂದ 21 ಅಡಿಯ ದೊಡ್ಡ ಧ್ವಜದವರೆಗೆ ಒಂಬತ್ತು ಅಳತೆಗಳು, ಎಲ್ಲಕ್ಕೂ ಮಾನಕ ಸಂಸ್ಥೆಯ ಗುಣಮಟ್ಟದ ಕಟ್ಟಳೆ. ಅದೇ ನೀರು ಕುಡಿದ, ಅದೇ ಮಾತಾಡುವ ಹೆಣ್ಣುಮಕ್ಕಳು ದೇಶದ ಬಾವುಟವನ್ನು ಅಳತೆ ತಪ್ಪದೆ ಹೊಲಿಯಬಲ್ಲರು. ಅಲ್ಲಿ ಬಟ್ಟೆಯನ್ನೂ ಅಳತೆಯನ್ನೂ ಕೆಲಸ ಕೊಡುವವರೇ ಒದಗಿಸುತ್ತಾರೆ. ಕೌದಿಯಲ್ಲಿ ಇಲ್ಲದಿರುವುದು ಅದು.

ಏನು ಮಾಡಬಹುದು

ಆರ್ಡರು ಕೊಡುವ ಅಂಗಡಿ, ಸಂಸ್ಥೆ, ಮಧ್ಯದವರು ಯಾರೇ ಇರಲಿ, ನಾಲ್ಕು ಸಾಲಿನ ಚೀಟಿ ಬರೆದುಕೊಡಲಿ. ಒಂದು, ಒಗೆದ ಮೇಲೆ ಕೌದಿ ಎಷ್ಟಕ್ಕೆ ಎಷ್ಟು ಉಳಿಯಬೇಕು. ಎರಡು, ಎಷ್ಟು ಇಂಚು ಹೆಚ್ಚುಕಡಿಮೆ ಆದರೆ ನಡೆಯುತ್ತದೆ. ಕೈಹೊಲಿಗೆಗೆ ಎರಡು ಇಂಚಾದರೂ ಬಿಡುವುದು ನ್ಯಾಯ. ಮೂರು, ಅಡಿಬಟ್ಟೆ ಯಾರದ್ದು. ಅವರೇ ನೆನೆಸಿ ಅಳೆದು ಹರಿದ ಬಟ್ಟೆ ಕೊಟ್ಟರೆ ಅತ್ಯುತ್ತಮ. ಕೊಡದಿದ್ದರೆ ಅದರ ಬೆಲೆ ಕೂಲಿಗಿಂತ ಬೇರೆಯಾಗಿ, ಮುಂಗಡವಾಗಿ ಕೊಡಬೇಕು. ನಾಲ್ಕು, ಚದರಡಿಗೆ ಎಷ್ಟು ಕೂಲಿ. ಈ ಚೀಟಿಯ ಪ್ರಕಾರ ಅಡಿಬಟ್ಟೆ ಹಾಸಿದ್ದರೆ, ಆಮೇಲೆ ಕೌದಿ ಗಿಡ್ಡವಾದರೂ ನಷ್ಟ ಆರ್ಡರು ಕೊಟ್ಟವರದ್ದು.

ಸಂಘದವರು ಹಾಸುವ ದಿನ ಇಬ್ಬರು ಕೂಡಿ ಟೇಪು ಹಿಡಿದು, ಅಳತೆಯನ್ನು ಸಂಘದ ಪುಸ್ತಕದಲ್ಲಿ ಬರೆದಿಡಲಿ. ಕೈಯಲ್ಲಿ ಮೊಬೈಲ್ ಇದ್ದವರು ಬಟ್ಟೆಯ ಮೇಲೆ ಟೇಪು ಇಟ್ಟು ಒಂದು ಫೋಟೊ ತೆಗೆದು ಆರ್ಡರಿನವರಿಗೆ ಕಳಿಸಲಿ. ಅವರು ‘ಸರಿ’ ಎಂದ ಮೇಲೆಯೇ ಮೊದಲ ಸುತ್ತು. ಮುಂದೆ ರಿಟರ್ನ್ ಅನ್ನುವ ಮಾತು ಬಂದರೆ ತೋರಿಸಲು ಒಂದು ದಾಖಲೆ ಇರುತ್ತದೆ. ತರಬೇತಿ ಏರ್ಪಡಿಸುವ ಇಲಾಖೆಗಳು ಉದ್ಘಾಟನೆಯ ಹಾರಕ್ಕೆ ಕೊಡುವ ದುಡ್ಡಿನಲ್ಲಿ ಪ್ರತಿ ಸಂಘಕ್ಕೂ ಒಂದು ಉಕ್ಕಿನ ಟೇಪು ಬರುತ್ತದೆ.

ಕೊನೆಗೆ, ನಮ್ಮ ವೃತ್ತಿಯವರಿಗೆ. ಕೌದಿಯ ಬಗ್ಗೆ ಬರುವ ಬರಹಗಳಲ್ಲಿ ಬದುಕಿನ ಬಣ್ಣ, ಕನಸಿನ ದಾರ, ಅಜ್ಜಿಯ ಬೆಚ್ಚನೆ ನೆನಪು ಧಾರಾಳ ಇರುತ್ತವೆ. ಓದಲು ಹಿತ, ಪುಟ ತುಂಬಲೂ ಹಿತ. ಮುಂದಿನ ಸಲ ನೀವು ಯಾವುದಾದರೂ ಊರಿಗೆ ಕೌದಿಯ ಮೇಲೆ ವರದಿಗೆ ಹೋದಾಗ ಇನ್ನೂ ಮೂರು ಪ್ರಶ್ನೆ ಕೇಳಿ ಬನ್ನಿ. ಈ ಕೌದಿ ಎಷ್ಟಕ್ಕೆ ಎಷ್ಟು? ಅಡಿ ಅರಿವಿಗೆ ದುಡ್ಡು ಕೊಟ್ಟವರು ಯಾರು? ಹೋದ ವರ್ಷ ಎಷ್ಟು ವಾಪಸ್ ಬಂದವು, ಅವುಗಳ ಕೂಲಿ ಏನಾಯಿತು? ಉತ್ತರಗಳನ್ನು ಊರಿನ ಹೆಸರು, ತಿಂಗಳು ಸಮೇತ ಇಲ್ಲೇ ಬರೆಯಿರಿ. ಗದಗದಲ್ಲಿ ಒಂದು ದರ, ಬೆಳಗಾವಿಯಲ್ಲಿ ಇನ್ನೊಂದು ದರ ಎಂಬುದು ಒಂದೇ ಕಡೆ ಕಣ್ಣಿಗೆ ಬಿದ್ದರೆ, ಮುಂದಿನ ಆರ್ಡರು ಬಂದಾಗ ಹೊಲಿಯುವವಳು ಕೇಳಲು ಅವಳಲ್ಲಿ ಒಂದು ಅಂಕಿಯಾದರೂ ಇರುತ್ತದೆ.